ಭಾನುವಾರದ ಹರಳೆಣ್ಣೆ

ನಮ್ಮ ಮುಳಬಾಗಿಲು ಸೀಮೆಯಲ್ಲಿ ರಾಗಿ ಹೊಲವೆಂದರೆ ಬರೀ ರಾಗಿಯಲ್ಲ. ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಹರಳು ಹಾಕುತ್ತಿದ್ದರು. ಹರಳು ಮನೆಗೆ ಬಂದರೆ ನನ್ನಜ್ಜಿ ಅದನ್ನು ಹುರಿದು, ಒರಳಲ್ಲಿ ಕುಟ್ಟಿ, ನೀರು ಹೊಯ್ದು ಕುದಿಸುತ್ತಿದ್ದಳು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ನೀರು ಆರುವವರೆಗೆ ಮತ್ತೆ ಕಾಯಿಸಿ ಸೀಸೆಗೆ ತುಂಬುತ್ತಿದ್ದಳು. ತಲೆಗೆ, ದೀಪಕ್ಕೆ, ಬಾಣಂತಿಗೆ ಅದೇ ಎಣ್ಣೆ. ಮಕ್ಕಳ ಹೊಟ್ಟೆ ತೊಳೆಯುವುದಕ್ಕೂ ಅದೇ.

ಎರಡು ಮೂರು ತಿಂಗಳಿಗೊಮ್ಮೆ, ಶಾಲೆಯಿಲ್ಲದ ಭಾನುವಾರ, ಜಗಲಿಯ ಮೇಲೆ ನಾವು ಐದು ಮಕ್ಕಳು ಸಾಲಾಗಿ ಕೂರಬೇಕು. ಮೂಗು ಹಿಡಿದು, ಒಳಲೆಯಲ್ಲಿ ಎಣ್ಣೆ ಹೊಯ್ದು, ಹಿಂದೆಯೇ ಬಿಸಿ ಕಾಫಿ. ಮಧ್ಯಾಹ್ನ ಮೆಣಸಿನ ಸಾರು, ಮೆತ್ತಗಿನ ಅನ್ನ. ಹುಳ ಬಿದ್ದರೆ ಅಜ್ಜಿಗೆ ನೆಮ್ಮದಿ. ಕನ್ನಡದಲ್ಲಿ ಜಂತುಹುಳ, ನಮ್ಮ ಕಡೆಯ ತೆಲುಗಿನಲ್ಲಿ ಏಲಿಕಪಾಮು. ಪಾಮು ಎಂದರೆ ಹಾವು. ಒಂದು ಗೇಣಿಗಿಂತ ಉದ್ದ ಬೆಳೆಯುವ ಹುಳಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ಹರಳೆಣ್ಣೆ ಹುಳವನ್ನು ಕೊಲ್ಲುವುದಿಲ್ಲ, ಕರುಳನ್ನು ಜಾಡಿಸುತ್ತದೆ ಅಷ್ಟೆ. ಬಯಲಿಗೆಂದು ನಾವು ಓಡುತ್ತಿದ್ದದ್ದು ಕೆರೆಯ ಕಡೆಗೆ. ಒಂದು ಹೆಣ್ಣು ಹುಳ ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಅವು ಮಲದ ಜೊತೆ ಹೊರಬಿದ್ದು, ತೇವದ ಮಣ್ಣಿನಲ್ಲಿ ಎರಡು ಮೂರು ವಾರ ಮಾಗಿ, ಸೊಪ್ಪಿಗೋ ಆಡುವ ಕೈಗೋ ಅಂಟಿ, ಮತ್ತೆ ಮಕ್ಕಳ ಬಾಯಿಗೆ ಬರುತ್ತವೆ. ಮರಿ ಕರುಳಿನಿಂದ ರಕ್ತಕ್ಕೆ, ಶ್ವಾಸಕೋಶಕ್ಕೆ, ಗಂಟಲಿಗೆ ಏರಿ, ಉಗುಳಿನ ಜೊತೆ ಕರುಳಿಗೇ ಇಳಿದು ಬೆಳೆಯುತ್ತದೆ. ಅಜ್ಜಿ ಹೊರಹಾಕಿಸಿದ್ದನ್ನು ಕೆರೆಯಂಗಳ ತಿರುಗಿ ಮನೆಗೆ ಕಳಿಸುತ್ತಿತ್ತು.

1983ರಲ್ಲಿ ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಉಪಕೇಂದ್ರಕ್ಕೆ ನರ್ಸಮ್ಮನಾಗಿ ಹೋದೆ. ಮಾವಿನ ಸುಗ್ಗಿ. ತೋಟ ಕಾಯುವವರ ಆರು ವರ್ಷದ ಹುಡುಗನಿಗೆ ಮೂರು ದಿನದಿಂದ ಹೊಟ್ಟೆನೋವು. ಬಟ್ಟಿ ಬಿದ್ದಿದೆ ಎಂದು ಹೊಟ್ಟೆ ನೀವಿದ್ದರು, ದೃಷ್ಟಿ ತೆಗೆದಿದ್ದರು, ಎರಡು ಸಲ ಹರಳೆಣ್ಣೆ ಕುಡಿಸಿದ್ದರು. ನಾನು ನೋಡುವಾಗ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ವಾಂತಿ ಹಸಿರು. ಹೊಕ್ಕುಳ ಪಕ್ಕ ಬೆರಳಿಗೆ ಹಗ್ಗದ ಉಂಡೆಯಂಥ ಗಂಟು ಸಿಕ್ಕಿತು. ಮಾವಿನಕಾಯಿ ಲಾರಿಯಲ್ಲೇ ಕೂರಿಸಿಕೊಂಡು ಕೋಲಾರಕ್ಕೆ ಒಯ್ದೆವು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಿರಿದಾದ ಜಾಗದ ಬಳಿ ಹುಳಗಳು ಜಡೆಯಂತೆ ಹೆಣೆದುಕೊಂಡು ದಾರಿ ಮುಚ್ಚಿದ್ದವು. ಹುಡುಗ ಉಳಿದ. ದಾರಿ ಮುಚ್ಚಿದ ಕರುಳಿಗೆ ಭೇದಿಯ ಎಣ್ಣೆ ಹೊಯ್ದರೆ ಹಿಂದಿನಿಂದ ಒತ್ತಡ ಹೆಚ್ಚಿ ಕರುಳೇ ಒಡೆಯಬಹುದು. ಅಜ್ಜಿಯ ಸೀಸೆಯ ಬಗ್ಗೆ ನನಗೆ ಭಯ ಹುಟ್ಟಿದ್ದು ಅವತ್ತು.

ಕರುಳಿನ ದಾರಿ ಮುಚ್ಚಲು ಹುಳವೊಂದೇ ಕಾರಣವಲ್ಲ ಎಂಬುದನ್ನು ಮುಂದಿನ ವರ್ಷಗಳು ಕಲಿಸಿದವು. ಕೆಲವು ಮಕ್ಕಳು ಹುಟ್ಟುವಾಗಲೇ ಕರುಳು ತಿರುಚಿರುತ್ತದೆ, ಇಲ್ಲವೇ ಕೊನೆಯ ಭಾಗಕ್ಕೆ ನರವಿರುವುದಿಲ್ಲ. ಈ ಎರಡನೆಯ ಕಾಯಿಲೆಯನ್ನು 1886ರಲ್ಲಿ ಲೋಕಕ್ಕೆ ತಿಳಿಸಿದವರು ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್. ಒಂದು ವರ್ಷದೊಳಗಿನ ಕೂಸುಗಳಲ್ಲಿ ಕೆಲವೊಮ್ಮೆ ಒಳಮಡಚಿದ ಅಂಗಿತೋಳಿನಂತೆ ಕರುಳು ಕರುಳೊಳಗೇ ಹೊಗುತ್ತದೆ. ಕೂಸು ಕಾಲು ಮಡಚಿ ಬಿಟ್ಟು ಬಿಟ್ಟು ಚೀರುತ್ತದೆ, ಆಮೇಲೆ ಕೆಂಪು ಜೆಲ್ಲಿಯಂಥ ಮಲ ಬರುತ್ತದೆ. ತೊಡೆಸಂದಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಳ್ಳುತ್ತದೆ. ಹದಿಹರೆಯದವರಲ್ಲಿ ಕರುಳಿನ ಕ್ಷಯ, ಹಿಂದೆ ಆದ ಆಪರೇಷನ್ನಿನ ಅಂಟು, ತಲೆಗೂದಲು ಕಿತ್ತು ನುಂಗುವ ಹುಡುಗಿಯರಲ್ಲಿ ಕೂದಲುಂಡೆ. ಮಾಲೂರಿನ ಹೆಂಚು, ಇಟ್ಟಿಗೆಯ ಕೆಲಸದವರ ನಡುವೆ ಮಣ್ಣು ತಿನ್ನುವ ಮಕ್ಕಳನ್ನು ಕಂಡಿದ್ದೇನೆ; ರಕ್ತ ಕಡಿಮೆಯಿರುವ ಮಗು ಮಣ್ಣಿಗೆ ಆಸೆಪಡುತ್ತದೆ, ಮಣ್ಣಿನ ಜೊತೆ ಮೊಟ್ಟೆಯೂ ಒಳಹೋಗುತ್ತದೆ.

ಔಷಧಿಯೂ ಬದಲಾಯಿತು. ಅಜ್ಜಿಯ ಕಾಲಕ್ಕೆ ಮುತ್ತುಗದ ಬೀಜ, ವಾಯುವಿಳಂಗ. ನಮ್ಮ ಕಾಲಕ್ಕೆ ಹುಳವನ್ನು ಮರಗಟ್ಟಿಸುವ ಪೈಪರಜಿನ್ ಸಿರಪ್ಪು, ಆಮೇಲೆ ಅಲ್ಬೆಂಡಜೋಲ್. 2015ರ ಫೆಬ್ರುವರಿ 10ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರುವಾಗಿ, 1ರಿಂದ 19 ವರ್ಷದವರಿಗೆ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಮಾತ್ರೆ ಸಿಗುತ್ತಿದೆ: 400 ಮಿಲಿಗ್ರಾಂ, ಎರಡು ವರ್ಷ ತುಂಬದವರಿಗೆ ಅರ್ಧ. ಮನೆಮನೆಗೆ ಶೌಚಾಲಯ ಬಂದದ್ದು ಅದಕ್ಕಿಂತ ದೊಡ್ಡ ಮದ್ದು. ಮಾತ್ರೆ ಇವತ್ತಿನ ಹುಳವನ್ನು ಕೊಲ್ಲುತ್ತದೆ. ಶೌಚಾಲಯ ನಾಳೆಯದನ್ನು ಹುಟ್ಟಲು ಬಿಡುವುದಿಲ್ಲ.

ಅಜ್ಜಿಯನ್ನು ನಾನು ದೂರುವುದಿಲ್ಲ. ಕೈಗೆ ಸಿಕ್ಕ ಮದ್ದಿನಿಂದ ಅವಳು ಐವರನ್ನು ಕಾಪಾಡಲು ಹೊರಟಿದ್ದಳು. ಆದರೆ ಆ ಸೀಸೆ ಈಗಲೂ ಎಷ್ಟೋ ಮನೆಗಳ ಗೂಡಿನಲ್ಲಿದೆ. ಮಗುವಿಗೆ ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ಮಲ ಗಾಳಿ ಎರಡೂ ನಿಂತರೆ ಎಣ್ಣೆ ಕುಡಿಸಬೇಡಿ, ಹೊಟ್ಟೆ ನೀವಬೇಡಿ, ಹುಳದ ಮಾತ್ರೆಯನ್ನೂ ಕೊಡಬೇಡಿ. ಬಾಯಿಗೆ ಏನೂ ಹಾಕದೆ, ಬೆಳಗಾಗಲಿ ಎಂದು ಕಾಯದೆ, ಆಪರೇಷನ್ ಮಾಡುವ ಆಸ್ಪತ್ರೆಗೆ ಅದೇ ಹೊತ್ತಿಗೆ ಕರೆದುಕೊಂಡು ಹೋಗಿ.