ಗರ್ಭಪಾತ ಸೇವೆ: ಪಟ್ಟಣದಲ್ಲೇ ಉಳಿದ ಹಕ್ಕು

ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಸಾಯುತ್ತಿದ್ದ ಹೆಂಗಸರ ಸಂಕಟ ಕಂಡು ಸರ್ಕಾರ ನೇಮಿಸಿದ್ದ ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟಿತು. 1971ರಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾಯ್ದೆಯಾಯಿತು, 1972ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಗರ್ಭಪಾತವನ್ನು ಹಕ್ಕೆಂದ ಅಮೆರಿಕದ ರೋ ತೀರ್ಪು ಬರುವ ಮೊದಲೇ ನಾವು ಈ ಕೆಲಸ ಮಾಡಿದ್ದೆವು.

ಆದರೆ ಯಾರು ಮಾಡಬೇಕು, ಎಲ್ಲಿ ಮಾಡಬೇಕು ಎಂಬುದನ್ನು ಕಾಯ್ದೆ ಬಿಗಿಯಾಗಿ ಕಟ್ಟಿಹಾಕಿತು. ಮಾಡುವವರು ಸ್ತ್ರೀರೋಗ ತಜ್ಞರಾಗಿರಬೇಕು, ಇಲ್ಲವೇ ತರಬೇತಾದ ಎಂಬಿಬಿಎಸ್ ವೈದ್ಯರು. ಜಾಗ ಸರ್ಕಾರಿ ಆಸ್ಪತ್ರೆ, ಇಲ್ಲವೇ ಸರ್ಕಾರದ ಅನುಮೋದನೆ ಪಡೆದದ್ದು. ತಜ್ಞರು ನೆಲೆಸಿರುವುದು ಪಟ್ಟಣದಲ್ಲಿ. 2003ರ ನಿಯಮದಂತೆ ಎಂಬಿಬಿಎಸ್ ವೈದ್ಯರು 25 ಪ್ರಕರಣಗಳಲ್ಲಿ ನೆರವಾಗಿ, ಅದರಲ್ಲಿ ಕನಿಷ್ಠ 5ನ್ನು ತಾವೇ ಮಾಡಿರಬೇಕು. ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬಂಟಿ ವೈದ್ಯರಿಗೆ ಆ ತರಬೇತಿಗೆ ಹೋಗಲು ಪುರುಸೊತ್ತೆಲ್ಲಿ? 2000ದ ದಶಕದ ಆರಂಭದಲ್ಲಿ ದೇಶದಾದ್ಯಂತ ನಡೆದ ಅಧ್ಯಯನಗಳು ಕಂಡದ್ದೂ ಇದನ್ನೇ: ಸೇವೆ ಬಹುಪಾಲು ಖಾಸಗಿಯವರ ಕೈಯಲ್ಲಿತ್ತು, ಆ ಆಸ್ಪತ್ರೆಗಳಲ್ಲಿ ಹೆಚ್ಚಿನವಕ್ಕೆ ನೋಂದಣಿಯೇ ಇರಲಿಲ್ಲ.

2002ರಲ್ಲಿ ಅನುಮೋದನೆಯ ಅಧಿಕಾರ ಜಿಲ್ಲಾ ಸಮಿತಿಗೆ ಬಂತು. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಅದೇ ವರ್ಷ ಒಪ್ಪಿಗೆ ಪಡೆದ, ಗರ್ಭಪಾತದ ಮಿಫೆಪ್ರಿಸ್ಟೋನ್ ಮಾತ್ರೆ. ಆಸ್ಪತ್ರೆ ಹೋಗದ ಊರಿಗೆ ಮಾತ್ರೆ ಹೋಯಿತು. 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯ ಅಂದಾಜಿನಂತೆ 2015ರಲ್ಲಿ ದೇಶದಲ್ಲಿ ನಡೆದ ಗರ್ಭಪಾತಗಳು 1.56 ಕೋಟಿ. ಅವುಗಳಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆದವು. ಇದನ್ನು ಅಪರಾಧದಂತೆ ನೋಡುವವರಿದ್ದಾರೆ. ನನಗೆ ಕಾಣುವುದು ದೂರದ ಸಮಸ್ಯೆಗೆ ಹೆಂಗಸರೇ ಹುಡುಕಿಕೊಂಡ ದಾರಿ. ಕೊರತೆಯಿರುವುದು ಮಾತ್ರೆ ಎಷ್ಟು, ಯಾವಾಗ ಎಂದು ಸರಿಯಾಗಿ ಹೇಳುವವರದು.

ಆಸ್ಪತ್ರೆಯ ದಾರಿ ಹಿಡಿದವಳ ಪಾಡು ನೋಡಿ. ಮೊದಲ ದಿನ ಒಂದು ಮಾತ್ರೆ, ಮೂರನೇ ದಿನ ಇನ್ನೊಂದು ಬಗೆಯದು, ಹದಿನೈದನೇ ದಿನ ತಪಾಸಣೆ. ಮೂರು ಸಲ ಪಟ್ಟಣಕ್ಕೆ ಹೋಗಬೇಕು. 2023ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸೇನೋ ಪುಕ್ಕಟೆ; ಕಳೆದುಹೋದ ಕೂಲಿ, ಮನೆಯಲ್ಲಿ ಹೇಳಬೇಕಾದ ನೆಪ ಪುಕ್ಕಟೆಯಲ್ಲ.

ಭ್ರೂಣಲಿಂಗ ಪತ್ತೆಯ ವಿರುದ್ಧದ 1994ರ ಕಾಯ್ದೆಯೂ ಇಲ್ಲಿ ಗೊಂದಲ ತಂದಿದೆ. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು 2023ರಲ್ಲಿ ಬಯಲಾಯಿತು, ಅಂಥವರನ್ನು ಹಿಡಿಯಲೇಬೇಕು. ಆದರೆ ಮಾತ್ರೆಗೆ ಅನುಮತಿಯಿರುವ ಒಂಬತ್ತು ವಾರದೊಳಗೆ ಸ್ಕ್ಯಾನಿನಲ್ಲಿ ಲಿಂಗ ತಿಳಿಯುವುದೇ ಇಲ್ಲ. ಹಾಗಿದ್ದೂ ಲಿಂಗ ಪತ್ತೆ, ಗರ್ಭಪಾತ ಎರಡನ್ನೂ ಒಂದೇ ಎಂದು ಭಾವಿಸುವವರ ಭಯಕ್ಕೆ ಎಷ್ಟೋ ಔಷಧಿ ಅಂಗಡಿಗಳು ಮಾತ್ರೆ ಇಡುವುದನ್ನೇ ಬಿಟ್ಟಿವೆ.

ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅವಿವಾಹಿತೆಯರಿಗೂ ಆ ಅವಕಾಶ ಕೊಟ್ಟಿತು. ಆಸ್ಪತ್ರೆ ಎಷ್ಟು ದೂರ ಎಂಬ ಪ್ರಶ್ನೆಯನ್ನು ಎರಡೂ ಮುಟ್ಟಲಿಲ್ಲ. ತರಬೇತಾದ ನರ್ಸುಗಳೂ ಆರಂಭದ ವಾರಗಳಲ್ಲಿ ಈ ಸೇವೆ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ 2014ರ ತಿದ್ದುಪಡಿ ಕರಡಿನಲ್ಲೂ ಆ ಮಾತಿತ್ತು. 2021ರ ಕಾಯ್ದೆಗೆ ಬರುವಷ್ಟರಲ್ಲಿ ಅದನ್ನು ಕೈಬಿಡಲಾಗಿತ್ತು.