ಪುಡಿಗೂ ಒಂದು ಚರಿತ್ರೆ ಇದೆ

ಸ್ವಲ್ಪ ಉದ್ದದ ಪೋಸ್ಟ್ ಇದು, ಬಿಡುವು ಮಾಡ್ಕೊಂಡು ಓದಿ.

ನುಗ್ಗೆಸೊಪ್ಪಿನ ಪುಡಿ, ಅಗಸೆ ಪುಡಿ, ಹುರುಳಿ ಪುಡಿ, ಮೊಳಕೆ ರಾಗಿ ಹಿಟ್ಟು ಎಲ್ಲವೂ ಈಗ 'ಸೂಪರ್‌ಫುಡ್' ಅನ್ನೋ ಹೆಸರಲ್ಲಿ ಡಬ್ಬಿ ಸೇರಿವೆ. ಹಾಲು, ತುಪ್ಪ, ಮೊಟ್ಟೆ, ಮಾಂಸ ಬಿಟ್ಟ ವೀಗನ್‌ಗಳು ದಿನದ ಊಟಕ್ಕೆ ಒಂದೆರಡು ಚಮಚ ಬೆರೆಸ್ಕೊಳ್ಳಿ ಅಂತ ಸಲಹೆ ಕೊಡ್ತಾರೆ. ಸಲಹೆ ಒಳ್ಳೇದೇ. ಆದರೆ ಈ ಪುಡಿಗಳನ್ನ ಇಷ್ಟು ಕಾಲ ಯಾರು ಕುಟ್ಟಿದ್ರು, ಯಾಕೆ ಕುಟ್ಟಿದ್ರು ಅನ್ನೋದು ಆ ಡಬ್ಬಿ ಮೇಲೆ ಇರಲ್ಲ.

ಬಳ್ಳಾರಿ ಹತ್ತಿರದ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು, ಈ ನವಶಿಲಾಯುಗದ ನೆಲೆಗಳಲ್ಲಿ ಸುಮಾರು 4,000 ವರ್ಷ ಹಳೆಯ ಹುರುಳಿ, ಹೆಸರು, ಕೊರಲೆ ಕಾಳುಗಳು ಸುಟ್ಟು ಕರಿಯಾದ ರೂಪದಲ್ಲಿ ಸಿಕ್ಕಿವೆ. ಸಂಗನಕಲ್ಲಿನಲ್ಲಿ ಅರೆಯುವ ಕಲ್ಲುಗಳೂ ಸಿಕ್ಕಿವೆ. ಅಂದ್ರೆ ಕಾಳು ಅರೆದು ತಿನ್ನೋದು ಈ ನೆಲದಲ್ಲಿ ವೇದ, ಪುರಾಣಗಳ ಮಾತು ಬರೋಕೆ ಮುಂಚೆನೇ ಇತ್ತು. 16ನೇ ಶತಮಾನದಲ್ಲಿ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ರಾಗಿಯನ್ನೇ ಗೆಲ್ಲಿಸಿದರು. ತಟ್ಟೆಯಲ್ಲೂ ಮೇಲು ಕೀಳು ಇದ್ದದ್ದಕ್ಕೇ ಆ ಜಗಳ ಬರೆಯಬೇಕಾಯ್ತು.

ಇನ್ನು ನಮ್ಮ ಕೇರಿಗೆ ಬನ್ನಿ. ಮುದ್ದೆ, ಉಪ್ಸಾರು, ಪಕ್ಕದಲ್ಲಿ ಹುಚ್ಚೆಳ್ಳು ಪುಡಿ. ನಮ್ಮವ್ವ ಹುಚ್ಚೆಳ್ಳು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಕುಟ್ಟೋಳು. ಹಸಿದು ಬಂದ ಮಕ್ಕಳಿಗೆ ಹುರಿಹಿಟ್ಟಿಗೆ ಬೆಲ್ಲ, ನೀರು ಹಾಕಿ ಕಲಸಿಕೊಡೋಳು. ಬಾಡು ಹಬ್ಬಕ್ಕೋ, ನೆಂಟರು ಬಂದಾಗಲೋ ಮಾತ್ರ. ಹಾಲು, ತುಪ್ಪ ಗೌಡ್ರ ಮನೇದು. ದನ ಮೇಯಿಸೋರು ನಾವು, ಬೆಣ್ಣೆ ಅವರದ್ದು. ಹಾಗಾಗಿ ವಾರದ ಬಹುಪಾಲು ದಿನ ನಮ್ಮದು ಇವತ್ತಿನ ಭಾಷೆಯಲ್ಲಿ ವೀಗನ್ ಊಟವೇ. ಅದು ನಾವು ಆರಿಸಿಕೊಂಡ ಊಟ ಆಗಿರಲಿಲ್ಲ.

ತುಪ್ಪ ಬರೀ ದುಡ್ಡಿನ ಪ್ರಶ್ನೆಯೂ ಅಲ್ಲ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಜೈಪುರ ಸಂಸ್ಥಾನದ ಚಕ್ವಾರ ಊರಿನ ಘಟನೆ ದಾಖಲಿಸಿದ್ದಾರೆ. ಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ತುಪ್ಪ ಹಾಕಿಸಿ ಊಟ ಹಾಕಿದ. ಅಷ್ಟಕ್ಕೇ ನೂರಾರು ಸವರ್ಣೀಯರು ಲಾಠಿ ಹಿಡಿದು ಬಂದು ಊಟ ಹಾಳು ಮಾಡಿ, ಉಣ್ಣುತ್ತಿದ್ದವರನ್ನ ಹೊಡೆದರು. ತುಪ್ಪ ತಿಂದರೆ ಏಟು ಬೀಳೋ ಸಮಾಜದಲ್ಲಿ ಹುಚ್ಚೆಳ್ಳು, ಕಡಲೆಕಾಯಿ, ಅಗಸೆ ನಮ್ಮ ಕೊಬ್ಬು, ನಮ್ಮ ಪುಷ್ಟಿ ಆದವು.

ಬರದ ಕಾಲದಲ್ಲೂ ಇದೇ ಕತೆ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಸುಮಾರು 50 ಲಕ್ಷ ಜನರಲ್ಲಿ 10 ಲಕ್ಷದಷ್ಟು ಜನ ಸತ್ತರು. ಆಗ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ, ಬರ ಪರಿಹಾರದ ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ (ಸುಮಾರು 450 ಗ್ರಾಂ), ಜೊತೆಗೆ ಒಂದಿಷ್ಟು ಕಾಸು ಸಾಕು ಅಂದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಅದನ್ನ ವಿರೋಧಿಸಿ, ದುಡಿಯೋ ಮೈಗೆ ಒಂದೂವರೆ ಪೌಂಡ್ ಧಾನ್ಯ, ಅದರ ಮೇಲೆ ತರಕಾರಿ, ಪ್ರೋಟೀನು ಬೇಕು ಅಂತ ವಾದಿಸಿದ. ಬರೀ ಹಿಟ್ಟಿಂದ ಜೀವ ನಿಲ್ಲಲ್ಲ ಅನ್ನೋದು ಸರ್ಕಾರಿ ಕಾಗದದ ಮೇಲೆ ಆಗಲೇ ಬಂದಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು 75 ಭಾಗ, ಕಡಲೆ ಹಿಟ್ಟು 25 ಭಾಗ ಬೆರೆಸಿ, ಜೀವಸತ್ವ, ಸುಣ್ಣದಂಶ ಸೇರಿಸಿ 'ಮಲ್ಟಿಪರ್ಪಸ್ ಫುಡ್' ಮಾಡಿದರು. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ತಿ. ನರಸೀಪುರ. ಅಲ್ಲಿಂದ ಅಂಗನವಾಡಿಯ ಪೌಷ್ಟಿಕ ಹಿಟ್ಟು ಕೇರಿಯ ಮಕ್ಕಳ ಕೈಗೆ ಬಂತು.

ಈಗ ಅಡುಗೆಮನೆಯ ಲೆಕ್ಕ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಬಿಳಿ ಅಕ್ಕೀಲಿ 10ರ ಆಸುಪಾಸು. ಹುರುಳೀಲಿ ಪ್ರೋಟೀನು ಶೇ 22ರಷ್ಟು. ಆದರೆ ಒಂದು ಚಮಚ, ಅಂದ್ರೆ 10 ಗ್ರಾಂ ಹುರುಳಿ ಪುಡಿಯಲ್ಲಿ ಸಿಗೋದು 2 ಗ್ರಾಂ ಪ್ರೋಟೀನು ಮಾತ್ರ. ಒಂದು ಮೊಟ್ಟೇಲಿ 6 ಗ್ರಾಂ. ಅದಕ್ಕೇ ಪುಡಿ ಜೊತೆ ಕಾಳು, ಸೊಪ್ಪು ಇರಲೇಬೇಕು. ಕಾಳನ್ನ ಮೊಳಕೆ ಕಟ್ಟಿ, ಊಟಕ್ಕೆ ನಿಂಬೆರಸ ಹಿಂಡಿದ್ರೆ ಕಬ್ಬಿಣದಂಶ ಚೆನ್ನಾಗಿ ಮೈಗೆ ಹತ್ತುತ್ತೆ. ಊಟದ ಹಿಂದೆಯೇ ಟೀ ಕುಡಿದ್ರೆ ಹತ್ತಲ್ಲ. ಬಿ12 ಯಾವ ಸೊಪ್ಪಿನ ಪುಡೀಲೂ ಸಿಗಲ್ಲ. ಪೂರ್ತಿ ವೀಗನ್ ಆಗೋರು ಅದನ್ನ ಬೇರೆಯಾಗೇ ತಗೋಬೇಕು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಇಂಥ ಮಕ್ಕಳ ತಟ್ಟೆಯಿಂದ ಮೊಟ್ಟೆ ತೆಗೆದು "ಪುಡಿ ಸಾಕಲ್ಲ" ಅನ್ನೋರನ್ನ ನಾವು ನಂಬಬಾರದು. ದೊಡ್ಡೋರು ತಮ್ಮ ಇಷ್ಟಕ್ಕೆ ವೀಗನ್ ಆಗಲಿ, ಅವರ ಹಕ್ಕು. ಬಡವರ ಮಗುವಿಗೆ ಪುಡಿಯೂ ಬೇಕು, ಮೊಟ್ಟೆಯೂ ಬೇಕು.

2004ರಲ್ಲಿ ಸುಪ್ರೀಂ ಕೋರ್ಟ್ ಬಿಸಿಯೂಟದ ಅಡುಗೆಗೆ ದಲಿತರಿಗೆ ಆದ್ಯತೆ ಕೊಡಿ, ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರು ಬೇಡ, ಪರಿಶಿಷ್ಟರ ಕೇರಿಗಳಲ್ಲೆಲ್ಲ ಅಂಗನವಾಡಿ ತೆರೆಯಿರಿ ಅಂತ ಆದೇಶ ಕೊಟ್ಟಿದೆ. ಆದರೂ ನಮ್ಮ ಅಕ್ಕ ತಂಗೀರು ಮಾಡಿದ ಅಡುಗೆ ಬೇಡ ಅನ್ನೋ ಊರುಗಳು ಇನ್ನೂ ಇವೆ. ನಿಮ್ಮೂರಿನ ಅಂಗನವಾಡಿಗೆ ಈ ವಾರ ಒಮ್ಮೆ ಹೋಗಿ ಬನ್ನಿ. ಹಿಟ್ಟಿನ ಪ್ಯಾಕೆಟ್ ಎಲ್ಲಿಂದ ಬರುತ್ತೆ, ಮೊಟ್ಟೆ ಬರ್ತಿದೆಯಾ, ಅಡುಗೆ ಯಾರು ಮಾಡ್ತಾರೆ, ಕೇರಿ ಮಕ್ಕಳನ್ನ ಎಲ್ಲಿ ಕೂರಿಸ್ತಾರೆ ಅಂತ ನೋಡಿ, ಕೇಳಿ, ಬರೆದಿಡಿ.