ಬಿಷಪ್ಪರು ತಂದ ಬಾವಲಿ

ಮೊನ್ನೆ ಭಾನುವಾರ ಮಗಳನ್ನು ಕರೆದುಕೊಂಡು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇದೆ, ನೀವೂ ನೋಡಿರಬಹುದು. ಅದರ ಮುಂದೆ ನಿಂತು ಎಲ್ಲ ಅಪ್ಪಂದಿರಂತೆ ನಾನೂ ಕಥೆ ಶುರು ಹಚ್ಚಿಕೊಂಡೆ. ಅವರಪ್ಪ ಒಂದು ದಿನ ಹಾರುವ ಆಟಿಕೆ ತಂದುಕೊಟ್ಟರು, ಹುಡುಗರು ಆಡಿ ಆಡಿ ಮುರಿದು ಹಾಕಿದರು, ಆಮೇಲೆ ತಾವೇ ಮಾಡೋಕೆ ಕಲಿತು ದೊಡ್ಡವರಾದ ಮೇಲೆ ನಿಜವಾದ ವಿಮಾನ ಹಾರಿಸಿದರು... ಹೀಗೆ. ಮಗಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಮಾಡೋಕೆ ಕಲಿಸಿದ್ದು ಯಾರು? ಅವರಪ್ಪಾನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೆ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ತೆಗೆದು ಕೂತೆ. ಅದರ ಫಲ ಈ ಬರಹ.

ಮೊದಲು ಆಟಿಕೆಯ ವಿಷಯ. 1878ರ ಶರತ್ಕಾಲ. ರೈಟ್ ಕುಟುಂಬ ಆಗ ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ್‍ಯಾಪಿಡ್ಸ್ ಎಂಬ ಊರಿನಲ್ಲಿತ್ತು. ಅಪ್ಪ ಮಿಲ್ಟನ್ ರೈಟ್ ಯುನೈಟೆಡ್ ಬ್ರದರೆನ್ ಎಂಬ ಚರ್ಚಿನ ಬಿಷಪ್. ಯಾವಾಗಲೂ ಊರೂರು ಸುತ್ತಾಟ. ಒಂದು ಸಂಜೆ ಕೈಯಲ್ಲಿ ಏನನ್ನೋ ಅರ್ಧ ಮುಚ್ಚಿಟ್ಟುಕೊಂಡು ಒಳಗೆ ಬಂದವರು ಅದನ್ನು ಮೇಲಕ್ಕೆ ಎಸೆದರು. ಕೆಳಗೆ ಬೀಳುತ್ತೆ ಅಂದುಕೊಂಡರೆ ಅದು ಕೋಣೆಯುದ್ದಕ್ಕೂ ಹಾರಿ, ಸೂರಿಗೆ ತಗುಲಿ, ಅಲ್ಲೇ ಸ್ವಲ್ಪ ಹೊತ್ತು ಪಟಪಟ ಅಂದು ಆಮೇಲೆ ಇಳಿಯಿತಂತೆ. ಬಿದಿರು, ಬೆಂಡು, ಕಾಗದ, ಎದುರು ಬದುರು ದಿಕ್ಕಿಗೆ ತಿರುಗುವ ಎರಡು ಚಕ್ರ, ಅವನ್ನು ತಿರುಗಿಸೋಕೆ ತಿರುಚಿದ ರಬ್ಬರು. ಇಷ್ಟೇ. ವಿಲ್ಬರ್‌ಗೆ ಆಗ 11 ವರ್ಷ, ಆರ್ವಿಲ್‌ಗೆ 7. ಅವರು ಅದಕ್ಕೆ ಇಟ್ಟ ಹೆಸರು ಬಾವಲಿ.

ಈ ರಬ್ಬರಿನ ಉಪಾಯದ ಹಿಂದೆ ಇನ್ನೊಬ್ಬ ಮಗನ ಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಅಲ್ಫೋನ್ಸ್ ಪೆನೋ, ಪ್ಯಾರಿಸ್ಸಿನವನು, ಹುಟ್ಟಿದ್ದು 1850ರಲ್ಲಿ. ಅಪ್ಪ ಫ್ರೆಂಚ್ ನೌಕಾಪಡೆಯ ಅಡ್ಮಿರಲ್. ಮಗನಿಗೆ ಸೊಂಟದ ಕಾಯಿಲೆ, ಹಾಗಾಗಿ ನೌಕಾಪಡೆ ಸೇರುವ ಹಾಗಿಲ್ಲ. ಅವನು ತಿರುಚಿದ ರಬ್ಬರು ಹಿಡಿದು ಕೂತ. 1870ರಲ್ಲಿ ರಬ್ಬರಿನ ಹೆಲಿಕಾಪ್ಟರ್ ಮಾಡಿದ. 1871ರ ಆಗಸ್ಟ್ 18ರಂದು ಟ್ಯುಯಿಲರೀಸ್ ಉದ್ಯಾನದಲ್ಲಿ ಬಾಲವಿದ್ದ ಪುಟ್ಟ ವಿಮಾನವೊಂದನ್ನು 11 ಸೆಕೆಂಡು ಹಾರಿಸಿ ತೋರಿಸಿದ. (ಗಮನಿಸಿ, 1903ರ ಡಿಸೆಂಬರ್ 17ರಂದು ಆರ್ವಿಲ್ ಹಾರಿದ್ದು 12 ಸೆಕೆಂಡು.) 1876ರಲ್ಲಿ ದೊಡ್ಡ ವಿಮಾನದ ವಿನ್ಯಾಸಕ್ಕೆ ಪೇಟೆಂಟ್ ಪಡೆದ, ಆದರೆ ಕಟ್ಟಲು ಯಾರೂ ದುಡ್ಡು ಕೊಡಲಿಲ್ಲ. 1880ರಲ್ಲಿ ತನ್ನ ನಕ್ಷೆಗಳನ್ನೆಲ್ಲ ಒಂದು ಪುಟ್ಟ ಶವಪೆಟ್ಟಿಗೆಯಲ್ಲಿಟ್ಟು ಆಕಾಶನೌಕೆಗಳ ತಜ್ಞ ಆನ್ರಿ ಜಿಫಾರ್‌ಗೆ ಒಪ್ಪಿಸಿ ಬಂದು ಪ್ರಾಣ ಕಳೆದುಕೊಂಡ. ವಯಸ್ಸು ಮೂವತ್ತು. ಅವನದೇ ವಿನ್ಯಾಸವನ್ನು ಅನುಸರಿಸಿದ ಆಟಿಕೆ ಎರಡು ವರ್ಷ ಮೊದಲೇ ಅಯೋವಾದ ಒಂದು ಮನೆಯ ಸೂರಿಗೆ ತಗುಲಿ ಬಿದ್ದಿತ್ತು ಅಂತ ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಇರಲಿ, ಸೀಡರ್ ರ್‍ಯಾಪಿಡ್ಸ್‌ಗೆ ವಾಪಸ್ ಬರೋಣ. ಅಷ್ಟು ನಾಜೂಕಿನ ಆಟಿಕೆ ಹುಡುಗರ ಕೈಯಲ್ಲಿ ಎಷ್ಟು ದಿನ ಉಳಿದೀತು? ಮುರಿಯಿತು. ತಾವೇ ಮಾಡಲು ಶುರು ಮಾಡಿದರು. ಒಮ್ಮೆ ಶಾಲೆಯಲ್ಲಿ ಆರ್ವಿಲ್ ಡೆಸ್ಕಿನ ಮೇಲೆ ಮರದ ಚೂರು ಜೋಡಿಸುತ್ತಾ ಟೀಚರ್ ಕೈಗೆ ಸಿಕ್ಕಿಬಿದ್ದು, ಇದನ್ನೇ ದೊಡ್ಡದಾಗಿ ಮಾಡಿದರೆ ಅಣ್ಣನ ಜೊತೆ ಹಾರಬಹುದು ಅಂತ ವಿವರಿಸಿದನಂತೆ. ಆದರೆ ಬಾವಲಿ ದೊಡ್ಡದಾದಷ್ಟೂ ಕಡಿಮೆ ಹಾರುತ್ತಿತ್ತು! ಅಳತೆಯೆಲ್ಲ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಎಂಟು ಪಟ್ಟು. ಎಂಟು ಪಟ್ಟು ಶಕ್ತಿ ಬೇಕು ಅನ್ನೋದು ಆಗ ತಮಗೆ ತಿಳಿದಿರಲಿಲ್ಲ ಅಂತ 1908ರಲ್ಲಿ ಸೆಂಚುರಿ ಪತ್ರಿಕೆಯಲ್ಲಿ ಅಣ್ಣತಮ್ಮ ಬರೆದುಕೊಂಡಿದ್ದಾರೆ. ಬೇಸತ್ತು ಗಾಳಿಪಟಕ್ಕೆ ಮರಳಿದರು. ಆಮೇಲೆ ಈ ವಯಸ್ಸಿಗೆ ಇದು ಶೋಭಿಸಲ್ಲ ಅಂತ ಅದನ್ನೂ ಬಿಟ್ಟರು. (1899ರಲ್ಲಿ, 32ನೇ ವಯಸ್ಸಿನಲ್ಲಿ, ರೆಕ್ಕೆ ತಿರುಚುವ ಪ್ರಯೋಗಕ್ಕೆ ವಿಲ್ಬರ್ ಮತ್ತೆ ಗಾಳಿಪಟವನ್ನೇ ಹಿಡಿದ!)

ಆಟಿಕೆಯ ನೆನಪಿನ ಆ ಭಾಗದಲ್ಲಿ ಅಪ್ಪ ಇದ್ದಾರೆ, ಅಮ್ಮನ ಸುದ್ದಿಯೇ ಇಲ್ಲ. ಇಲ್ಲಿಗೆ ಬಂದಾಗ ಮಗಳ ಪ್ರಶ್ನೆ ನೆನಪಾಯಿತು. ಯಾಕೆಂದರೆ ಬಿಷಪ್ ಮಿಲ್ಟನ್‌ಗೆ ಒಂದು ಮೊಳೆ ಹೊಡೆಯೋಕೂ ಸರಿಯಾಗಿ ಬರುತ್ತಿರಲಿಲ್ಲ ಅನ್ನುವುದು ಮನೆಯವರೇ ಹೇಳಿಕೊಂಡು ಬಂದ ಮಾತು. ಅವರು ಪುಸ್ತಕದ ಮನುಷ್ಯ. ಮನೆ ತುಂಬ ಪುಸ್ತಕ, ಊರೂರಿಂದ ಕಾಗದ, ಮಕ್ಕಳಿಗೆ ಏನು ಬೇಕಾದರೂ ಓದುವ ಸ್ವಾತಂತ್ರ್ಯ. ಇದೂ ಸಣ್ಣದಲ್ಲ. ಆದರೆ ಕೈಕೆಲಸ?

ಅದು ಅಮ್ಮನದು. ಸೂಸನ್ ಕೋರ್ನರ್, 1831ರಲ್ಲಿ ಹುಟ್ಟಿದವರು. ಅವರ ಅಪ್ಪ ಕುದುರೆ ಗಾಡಿ ಮಾಡುವ ಕಸುಬಿನವರು. ಹುಡುಗಿ ಸೂಸನ್ ಆ ಕಾರ್ಖಾನೆಯಲ್ಲಿ ಅಪ್ಪನ ಪಕ್ಕ ನಿಂತು ಉಳಿ, ಗರಗಸ ಹಿಡಿಯುವುದನ್ನು ಕಲಿತರು. ಹಾರ್ಟ್ಸ್‌ವಿಲ್ ಕಾಲೇಜಿನಲ್ಲಿ ಓದುವಾಗ ಗಣಿತದಲ್ಲಿ ಚುರುಕು. ಮಿಲ್ಟನ್ ಪರಿಚಯವಾದದ್ದೂ ಅಲ್ಲೇ. ಮದುವೆಯಾದ ಮೇಲೆ ಮನೆಗೆ ಬೇಕಾದ ಸಣ್ಣಪುಟ್ಟ ಸಾಧನಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ದೊಡ್ಡ ಮಕ್ಕಳಿಗೆ ಹಿಮದ ಮೇಲೆ ಜಾರುವ ಗಾಡಿಯನ್ನೂ ಮಾಡಿಕೊಟ್ಟಿದ್ದರು. ಏನಾದರೂ ಕಟ್ಟಬೇಕೆಂದರೆ ಹುಡುಗರು ಕೇಳುತ್ತಿದ್ದದ್ದು ಅಮ್ಮನನ್ನು. ಅಂದರೆ ಬಾವಲಿ ತಂದಿದ್ದು ಅಪ್ಪ, ಮುರಿದ ಬಾವಲಿಯನ್ನು ನೋಡಿ ಇನ್ನೊಂದು ಮಾಡಬಹುದು ಅನ್ನುವ ಧೈರ್ಯ ಬಂದಿದ್ದು ಅಮ್ಮನ ಕಡೆಯಿಂದ ಅಂತ ನನ್ನ ಲೆಕ್ಕ.

ನನ್ನದೇ ಮನೆಯ ಮಾತು ಹೇಳಿಬಿಡ್ತೀನಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬೆಂಗಳೂರಿಗೆ ಹೋದವರು ರಬ್ಬರಿನಿಂದ ಹಾರುವ ವಿಮಾನ ತಂದಿದ್ದರು. ಮೂರನೇ ದಿನಕ್ಕೆ ಎಡರೆಕ್ಕೆ ಮುರಿಯಿತು. ಅಮ್ಮ ಪೊರಕೆಯಿಂದ ಎರಡು ಕಡ್ಡಿ ಕಿತ್ತು, ಮೈದಾ ಅಂಟು ಕಾಯಿಸಿ, ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿ ಒಲೆ ಪಕ್ಕ ಒಣಗಲು ಇಟ್ಟಳು. ಎಡಗಡೆ ಭಾರ ಜಾಸ್ತಿಯಾಗಿ ಅದು ಆಮೇಲೆ ನೇರ ಹೋಗಲೇ ಇಲ್ಲ, ಅಂಗಳದಲ್ಲಿ ಸುತ್ತು ಹೊಡೆದು ನನ್ನ ಹತ್ತಿರಕ್ಕೇ ಬರುತ್ತಿತ್ತು. ನಮಗದು ಇನ್ನೂ ಖುಷಿ. ಇಷ್ಟು ವರ್ಷವೂ ನಾನು ಎಲ್ಲರಿಗೂ ಹೇಳುತ್ತಿದ್ದದ್ದು "ಅಪ್ಪ ತಂದ ವಿಮಾನ" ಅಂತಲೇ. ಹೆಚ್ಚು ಹಾರಿದ್ದು ಅಮ್ಮನ ರೆಕ್ಕೆಯ ಮೇಲೆ.

ಸೂಸನ್ ಅವರಿಗೆ ಕ್ಷಯ ಹಿಡಿಯಿತು. ವಿಲ್ಬರ್ ಐಸ್ ಮೇಲಿನ ಆಟದಲ್ಲಿ ಮುಖಕ್ಕೆ ಪೆಟ್ಟು ತಿಂದು ಮನೆಯಲ್ಲೇ ಉಳಿದಿದ್ದ ಕಾಲ. ದಿನಾ ಬೆಳಿಗ್ಗೆ ಅಮ್ಮನನ್ನು ಎತ್ತಿಕೊಂಡು ಮಹಡಿಯಿಂದ ಕೆಳಗೆ ತರುವುದು, ರಾತ್ರಿ ಮತ್ತೆ ಮೇಲೆ ಕರೆದೊಯ್ಯುವುದು ಅವನ ಕೆಲಸ. 1889ರ ಜುಲೈ 4ರಂದು ಅವರು ತೀರಿಕೊಂಡರು. ಆಗಿನ್ನೂ ಮಕ್ಕಳು ಸೈಕಲ್ ಅಂಗಡಿಯನ್ನೂ ತೆರೆದಿರಲಿಲ್ಲ.

ಮಿಲ್ಟನ್ ಮಾತ್ರ ಎಲ್ಲ ನೋಡಿದರು. 1903ರಲ್ಲಿ ಹಾರಾಟ ಆದ ದಿನ ಟೆಲಿಗ್ರಾಂ ಹೋದದ್ದು ಅವರಿಗೇ, ಕ್ರಿಸ್‌ಮಸ್‌ಗೆ ಮನೆಗೆ ಬರ್ತೀವಿ ಅನ್ನುವ ಮಾತಿನ ಸಮೇತ. ಇಬ್ಬರೂ ಒಟ್ಟಿಗೆ ಹಾರಬಾರದು ಅಂತ ಅವರು ಮಕ್ಕಳಿಂದ ಮಾತು ತೆಗೆದುಕೊಂಡಿದ್ದರು. ಬಿದ್ದರೆ ಒಬ್ಬನಾದರೂ ಉಳಿಯಲಿ ಅಂತ. 1910ರ ಮೇ 25ರಂದು ಡೇಟನ್ ಹತ್ತಿರದ ಹಫ್‌ಮನ್ ಪ್ರೇರಿಯಲ್ಲಿ ಒಂದು ಸಲಕ್ಕೆ ಮಾತ್ರ ಅನುಮತಿ ಕೊಟ್ಟರು. ಅಣ್ಣತಮ್ಮ ಜೊತೆಯಾಗಿ ಹಾರಿದ್ದು ಅದೊಂದೇ ಬಾರಿ. ಅದೇ ದಿನ ಆರ್ವಿಲ್ 81 ವರ್ಷದ ಅಪ್ಪನನ್ನೂ ಕೂರಿಸಿಕೊಂಡು ಸುಮಾರು ಏಳು ನಿಮಿಷ ಹಾರಿದ. ಮುದುಕರು ಹೆದರಿಕೊಂಡಾರು ಅಂತ ಎಲ್ಲರಿಗೂ ಆತಂಕ. ಅವರು ಮಗನ ಕಿವಿಗೆ ಬಾಗಿ ಇನ್ನೂ ಮೇಲೆ ಹೋಗು ಅಂದರಂತೆ! ಎರಡೇ ವರ್ಷಕ್ಕೆ, 1912ರ ಮೇ ಕೊನೆಯಲ್ಲಿ, ವಿಲ್ಬರ್ ಟೈಫಾಯ್ಡ್‌ನಿಂದ ತೀರಿಹೋದ. ವಿಮಾನದಿಂದ ಆಗಬಹುದು ಅಂತ ಅಪ್ಪ ಹೆದರಿದ್ದು ಬೇರೆ, ಆಗಿದ್ದೇ ಬೇರೆ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಬಾವಲಿ ಮಾಡೋಣ ಅಂತ ಹಟ ಹಿಡಿದಳು. ಬಿದಿರು ಕಡ್ಡಿ, ಬಣ್ಣದ ಕಾಗದ, ಹಾಲಿನ ಪ್ಯಾಕೆಟ್ಟಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು, ಎರಡು ರಾತ್ರಿಯ ಕೆಲಸ. ಎಷ್ಟು ತಿರುಚಿದರೂ ನಮ್ಮ ಬಾವಲಿ ಊಟದ ಮೇಜಿನ ಎತ್ತರ ದಾಟುತ್ತಿಲ್ಲ. ಹಬ್ಬಕ್ಕೆ ನನ್ನ ಅಮ್ಮ ಊರಿಂದ ಬರುತ್ತಾಳಲ್ಲ, ಅಲ್ಲಿಯವರೆಗೆ ಬಿಚ್ಚಬೇಡ ಅಂತ ಮಗಳು ಅದನ್ನು ಶೋಕೇಸಿನೊಳಗೆ ಎತ್ತಿಟ್ಟಿದ್ದಾಳೆ.